ಕೋರೆಲ್ ಹೇಗಿದೆಯೋ ಹಾಗೇ ಸಾಕು ಎನ್ನುವವರಿಗೆ

ಅಂಗಡಿ ಬೋರ್ಡು ಮಾಡುವವರು ಕೋರೆಲ್‌ಡ್ರಾವನ್ನು ಕಂಪ್ಯೂಟರಿಗೆ ಹಾಕಿಕೊಂಡ ಗಳಿಗೆಯಲ್ಲೇ ಕೆಲಸಕ್ಕೆ ಇಳಿಯಬಾರದು, ಒಂದು ದಿನ ಕೂತು ಅದನ್ನು ತಮ್ಮ ಕಸುಬಿಗೆ ಒಗ್ಗಿಸಿಕೊಳ್ಳಬೇಕು ಎಂದು ನಾನು ಬಹಳ ದಿನದಿಂದ ಹೇಳುತ್ತಿದ್ದೇನೆ. ಅಳತೆ, ಲೇಯರು, ಬಣ್ಣದ ಪಟ್ಟಿ, ಶಾರ್ಟ್‌ಕಟ್ ಕೀ, ಫಾಂಟು, ಟೆಂಪ್ಲೇಟು ಎಲ್ಲ ಮೊದಲೇ ಸರಿ ಮಾಡಿಟ್ಟುಕೊಂಡರೆ ಆಮೇಲೆ ವರ್ಷವಿಡೀ ಕೈ ಹಗುರ. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಬಂದು ಪುಣೆಯಲ್ಲಿ ಈ ಧಂದೆ ಹಿಡಿದ ನಮ್ಮವರೇ ಇದನ್ನು ಒಪ್ಪುವುದಿಲ್ಲ. ಕೆಲವರು ನಕ್ಕು ಸುಮ್ಮನಾದರು, ಅವರಿಗೆ ನನ್ನ ಬಳಿ ಉತ್ತರವಿಲ್ಲ. ಕೆಲವರು ವಾದಕ್ಕೆ ನಿಂತರು. ವಾದಕ್ಕೆ ಅಂಜಿದರೆ ಪುಣೆಯಲ್ಲಿ ಬಾಳುವೆ ಆಗದು. ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ ಅನ್ನುವುದನ್ನೂ ಚುಚ್ಚಿ, ಕುಟುಕಿ, ತರ್ಕ ಮಾಡಿ ಬರೆದು ತೂಗುಹಾಕುವ ಊರಿದು. ಪುಣೇರಿ ಪಾಟಿ ಎಂದೇ ಅದಕ್ಕೆ ಹೆಸರು. ಆದ್ದರಿಂದ ಅವರ ಒಂದೊಂದು ಮಾತನ್ನೂ ಎತ್ತಿಕೊಂಡೇ ಉತ್ತರ ಹೇಳುತ್ತೇನೆ.

ಮೊದಲನೆಯದು ಎಲ್ಲರ ಬಾಯಲ್ಲೂ ಇರುವುದು: "ಸೀಸನ್ನಿನಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ, ಸೆಟಿಂಗ್ ಮಾಡುತ್ತಾ ಕೂರುವುದು ಯಾವಾಗ?"

ಸೀಸನ್ನಿನಲ್ಲಿ ಕೂರಿ ಎಂದು ಹೇಳಿದವರು ಯಾರು? ಗಣಪತಿ ಮುಗಿಯುವವರೆಗೆ ಮಂಡಳಗಳ ಬ್ಯಾನರು, ಕಮಾನು, ಪ್ರಾಯೋಜಕರ ಫ್ಲೆಕ್ಸು ಎಂದು ಹಗಲು ರಾತ್ರಿ ಒಂದಾಗುತ್ತದೆ, ನಿಜ. ಅನಂತ ಚತುರ್ದಶಿ ಆಯಿತೆಂದರೆ ಬರುವುದು ಪಿತೃಪಕ್ಷ. ಆ ಹದಿನೈದು ದಿನ ಯಾರೂ ಹೊಸ ಅಂಗಡಿಯ ಪೂಜೆ ಇಟ್ಟುಕೊಳ್ಳುವುದಿಲ್ಲ, ಹೊಸ ಬೋರ್ಡು ಏರಿಸುವುದಿಲ್ಲ. ಘಟಸ್ಥಾಪನೆಯಿಂದ ದಸರೆಯವರೆಗೆ ಮತ್ತೆ ಉಸಿರು ಬಿಡಲಾಗದಷ್ಟು ಕೆಲಸ. ನಡುವಿನ ಈ ಖಾಲಿ ಹೊತ್ತನ್ನು ನಮ್ಮ ಕಸುಬಿನವರು ಹಳೆ ಬಾಕಿ ವಸೂಲಿಗೆ ಅಲೆದು ಕಳೆಯುತ್ತಾರೆ. ವಸೂಲಿ ಹೇಗೂ ಆಗುವುದಿಲ್ಲ. ಪಿತೃಪಕ್ಷದಲ್ಲಿ ಬಾಕಿ ಕೊಡುವ ಗಿರಾಕಿಯನ್ನು ನಾನಂತೂ ಕಂಡಿಲ್ಲ. ಸೆಟಿಂಗಿಗೆ ಕೂರಬೇಕಾದದ್ದು ಆಗಲೇ.

ಎರಡನೆಯವರು ಸ್ವಲ್ಪ ಓದಿಕೊಂಡವರು. "ಸಾಫ್ಟ್‌ವೇರ್ ಮಾಡಿದ ಇಂಜಿನಿಯರುಗಳು ಯೋಚಿಸಿಯೇ ಎಲ್ಲ ಇಟ್ಟಿರುತ್ತಾರೆ. ಅವರಿಗಿಂತ ನಾವು ಬಲ್ಲೆವೇ?" ಎನ್ನುತ್ತಾರೆ.

ಅವರು ಯೋಚಿಸಿದ್ದು ನಿಜ, ನಮ್ಮನ್ನು ಕಣ್ಣ ಮುಂದಿಟ್ಟುಕೊಂಡು ಯೋಚಿಸಲಿಲ್ಲ ಅಷ್ಟೆ. ಕೋರೆಲ್ ಕೆನಡಾದ ಒಟಾವಾದ ಕಂಪನಿ. ಕೋರೆಲ್‌ಡ್ರಾದ ಮೊದಲ ಆವೃತ್ತಿ 1989ರಲ್ಲಿ ಬಂತು. ಅಂದಿನಿಂದ ಮದುವೆ ಕಾರ್ಡಿನವರು, ಟೀ ಶರ್ಟಿನವರು, ಪ್ಯಾಕಿಂಗ್ ಡಬ್ಬಿಯವರು, ಕಸೂತಿಯವರು ಎಲ್ಲರೂ ಅದನ್ನೇ ಬಳಸುತ್ತಾರೆ. ಎಲ್ಲರಿಗೂ ಆಗಲಿ ಎಂದು ಹೊಸ ಫೈಲು ತೆರೆದಾಗ ಎ4 ಅಥವಾ ಲೆಟರ್ ಹಾಳೆ ಕೊಡುತ್ತದೆ. ನಾವು ಹನ್ನೆರಡಡಿ ಬೋರ್ಡನ್ನು ಆ ಹಾಳೆಯ ಹೊರಗೆ, ಎಲ್ಲೋ ಬೂದು ಬಣ್ಣದ ಬಯಲಲ್ಲಿ ಬಿಡಿಸುತ್ತೇವೆ.

ಬೋರ್ಡಿನವರು ಕೋರೆಲ್ಲನ್ನೇ ಹಿಡಿದದ್ದಕ್ಕೆ ಒಂದು ಕಾರಣ ಅದರ ಹಾಳೆಯ ಮಿತಿ. 1800 ಇಂಚು, ಅಂದರೆ 150 ಅಡಿ ಅಗಲದ ಹಾಳೆಯನ್ನು ಅದು ನಿಜ ಅಳತೆಯಲ್ಲೇ ಕೊಡುತ್ತದೆ. ಅಡೋಬಿಯ ಇಲಸ್ಟ್ರೇಟರ್ 2020ರಲ್ಲಿ ದೊಡ್ಡ ಕ್ಯಾನ್ವಾಸ್ ತರುವವರೆಗೆ ಸುಮಾರು 227 ಇಂಚಿಗೇ ನಿಲ್ಲುತ್ತಿತ್ತು, ಹತ್ತೊಂಬತ್ತಡಿಯೂ ತುಂಬದು. ಕೈಯಲ್ಲಿ ಇಷ್ಟು ದೊಡ್ಡ ಹಾಳೆ ಇದ್ದೂ ಎ4 ಪಕ್ಕದಲ್ಲಿ ಅಂದಾಜಿನ ಮೇಲೆ ಬಿಡಿಸಿ, ಕೊನೆಗೆ "ಇದನ್ನು ಹತ್ತು ಪಟ್ಟು ಮಾಡ್ಕೊಳ್ಳಿ" ಎಂದು ಪ್ರಿಂಟಿಂಗ್‌ನವರಿಗೆ ಫೋನಿನಲ್ಲಿ ಹೇಳುವುದಕ್ಕೆ ಏನೆನ್ನಬೇಕು? ಆ ಹತ್ತು ಪಟ್ಟಿನಲ್ಲೇ ಎಡವಟ್ಟು ಇರುವುದು. ಔಟ್‌ಲೈನಿನ ಸೆಟಿಂಗಿನಲ್ಲಿ ವಸ್ತುವಿನ ಜೊತೆ ಗೆರೆಯೂ ಹಿಗ್ಗಲಿ ಎಂಬ ಒಂದು ಟಿಕ್ ಇದೆ. ಅದನ್ನು ಹಾಕದಿದ್ದರೆ ಅಕ್ಷರ ಹತ್ತು ಪಟ್ಟು ಬೆಳೆದರೂ ಸುತ್ತಲಿನ ಬಿಳಿ ಬಾರ್ಡರು ಮೊದಲಿದ್ದಷ್ಟೇ ದಪ್ಪ ಉಳಿಯುತ್ತದೆ. ಪರದೆಯ ಮೇಲೆ ಢಾಳಾಗಿ ಕಂಡ ಬಾರ್ಡರು ಗೋಡೆಯ ಮೇಲೆ ಕಾಣಿಸುವುದೇ ಇಲ್ಲ. ಟಿಕ್ ಹಾಕಿ ಅದನ್ನೇ ಡೀಫಾಲ್ಟ್ ಮಾಡಿಬಿಟ್ಟರೆ ಮುಂದೆ ತಲೆಬಿಸಿ ಇಲ್ಲ.

ನನ್ನ ಟೆಂಪ್ಲೇಟುಗಳನ್ನು ಕೇಳಿದರೆ ಇಷ್ಟೇ: ಎಸಿಪಿಗೂ (ಅಲ್ಯುಮಿನಿಯಂ ಕಾಂಪೊಸಿಟ್ ಪ್ಯಾನೆಲ್) ಅಕ್ರಿಲಿಕ್‌ಗೂ 2440 ಗುಣಿಸು 1220 ಮಿಲಿಮೀಟರಿನ ಹಾಳೆ, ಅಂದರೆ ನಾವು ಎಂಟು ನಾಲ್ಕು ಅನ್ನುವ ಶೀಟು. ವಿನೈಲಿಗೆ 24 ಇಂಚಿನ ರೋಲಿನಲ್ಲಿ ಎರಡು ಬದಿ ರೋಲರ್ ಹಿಡಿಯುವ ಜಾಗ ಬಿಟ್ಟು ಉಳಿಯುವ ಅಗಲ. ಫ್ಲೆಕ್ಸಿಗೆ ಫ್ರೇಮಿನ ಹಿಂದೆ ಮಡಚುವ ಅಂಚನ್ನು ತೋರಿಸುವ ಗೈಡ್‌ಲೈನು. ಬಾಣದ ಕೀ ಒತ್ತಿದರೆ ವಸ್ತು ಒಂದು ಮಿಲಿಮೀಟರು ಸರಿಯಬೇಕು, ಶಿಫ್ಟ್ ಹಿಡಿದು ಒತ್ತಿದರೆ ಹತ್ತು. ಇದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಎಂಟು ನಾಲ್ಕರ ಶೀಟೆಂದರೆ ಏನು ಎಂಬುದು ಒಟಾವಾದ ಇಂಜಿನಿಯರಿಗೆ ಗೊತ್ತಿಲ್ಲ, ನಮಗೆ ಗೊತ್ತು, ಅಷ್ಟೆ.

"ಫ್ಲೆಕ್ಸ್ ಹೊಡೆಯುವವನು, ಸಿಎನ್‌ಸಿಯವನು ಅವರವರ ಕೆಲಸ ನೋಡಿಕೊಳ್ಳುತ್ತಾರೆ, ಅವರ ತಲೆನೋವು ನಮಗೇಕೆ?" ಎಂಬುದು ಮೂರನೆಯದು. ಇದಕ್ಕೆ ಹೆಚ್ಚು ಮಾತು ಬೇಡ. ಲೇಸರಿನವನಿಗೆ ಕತ್ತರಿಸುವ ಗೆರೆ ಹೇರ್‌ಲೈನ್ ಆಗಿರಬೇಕು, ಇಲ್ಲದಿದ್ದರೆ ಮೆಷಿನ್ನು ಅದನ್ನು ಕೆತ್ತುವ ಚಿತ್ರವೆಂದು ತಿಳಿಯಬಹುದು. ರೋಲ್ಯಾಂಡಿನ ಪ್ರಿಂಟ್ ಅಂಡ್ ಕಟ್ ಮೆಷಿನ್ನಿಗೆ ಕಟಿಂಗ್ ಗೆರೆಯ ಸ್ಪಾಟ್ ಬಣ್ಣದ ಹೆಸರು ‘ಕಟ್‌ಕಾಂಟೂರ್’ ಎಂದೇ ಇರಬೇಕು, ಕಾಗುಣಿತದಲ್ಲಿ ಒಂದಕ್ಷರ ತಪ್ಪಿದರೂ ಅದು ಗೆರೆಯನ್ನು ಕತ್ತರಿಸುವ ಬದಲು ಬಣ್ಣವೆಂದುಕೊಂಡು ಮುದ್ರಿಸಿಬಿಡುತ್ತದೆ. ಸಿಎನ್‌ಸಿ ರೌಟರಿಗೆ ಡಿಎಕ್ಸ್‌ಎಫ್ ಫೈಲು ಕಳಿಸುವಾಗ ಇಲ್ಲಿ ಮಿಲಿಮೀಟರು, ಅಲ್ಲಿ ಇಂಚು ಎಂದಾದರೆ 300 ಮಿಲಿಮೀಟರಿನ ಅಕ್ಷರ 25.4 ಪಟ್ಟು ಹಿಗ್ಗಿ ಏಳೂವರೆ ಮೀಟರು ದಾಟುತ್ತದೆ. ಅಷ್ಟು ದೊಡ್ಡದಾದರೆ ಯಾರಾದರೂ ಗಮನಿಸುತ್ತಾರೆ. ಉಲ್ಟಾ ಆಗಿ ಹನ್ನೆರಡು ಮಿಲಿಮೀಟರಿಗೆ ಕುಗ್ಗಿದರೂ ಗಮನಿಸುತ್ತಾರೆ. ಆದರೆ ಗಮನಿಸಿ, ಫೋನು ಮಾಡಿ, ಹೊಸ ಫೈಲು ತರಿಸಿಕೊಳ್ಳುವಷ್ಟರಲ್ಲಿ ನಿಮ್ಮ ಸರದಿ ಹೋಗಿ ಇನ್ನೊಬ್ಬರ ಶೀಟು ಮೇಜಿನ ಮೇಲೆ ಬಂದಿರುತ್ತದೆ. ಪ್ರಿಂಟು, ಕಟಿಂಗು, ಡ್ರಿಲ್ಲು, ಗೈಡು ಎಂದು ನಾಲ್ಕು ಲೇಯರು ಟೆಂಪ್ಲೇಟಿನಲ್ಲೇ ಇದ್ದರೆ ಈ ಗೋಜೇ ಬಾರದು.

ಇನ್ನು ನಿಜವಾದ ಜಗಳದ ವಿಷಯ, ಫಾಂಟು. "ಶ್ರೀಲಿಪಿ ಇರುವಾಗ ಯೂನಿಕೋಡಿನ ಹುಚ್ಚು ಏಕೆ? ಇಪ್ಪತ್ತು ವರ್ಷ ಅದರಲ್ಲೇ ಬೋರ್ಡು ಮಾಡಿದ್ದೇವೆ." ಇದನ್ನು ಹೇಳಿದವರ ಮೇಲೆ ನನಗೆ ಗೌರವವಿದೆ. ಶ್ರೀಲಿಪಿ ಎಂಬ ಫಾಂಟು ತಂತ್ರಾಂಶ ಈ ಊರಿನದೇ, ಮಾಡ್ಯುಲರ್ ಇನ್‌ಫೋಟೆಕ್‌ನದು. ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತರುವ ಕೆಲಸದಲ್ಲಿ ಪುಣೆಗೆ ದೊಡ್ಡ ಪಾಲಿದೆ, 1988ರಲ್ಲಿ ಶುರುವಾದ ಸಿಡ್ಯಾಕ್ ಸಂಸ್ಥೆ ಕೂಡ ಇಲ್ಲಿಯದೇ. ಬೋರ್ಡಿಗೆ ಬೇಕಾದ ದಪ್ಪ, ತುಂಬು ಅಕ್ಷರಗಳು ಆ ಹಳೆಯ ಫಾಂಟುಗಳಲ್ಲಿ ಇದ್ದಷ್ಟು ಬಗೆ ಯೂನಿಕೋಡಿನಲ್ಲಿ ಬಹಳ ಕಾಲ ಇರಲಿಲ್ಲ ಎಂಬುದನ್ನೂ ಒಪ್ಪುತ್ತೇನೆ. ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ತುಂಗಾ ಫಾಂಟನ್ನು ಹತ್ತಡಿಗೆ ಹಿಗ್ಗಿಸಿ ಹಾಕಿದ ಬೋರ್ಡುಗಳು ಈಗಲೂ ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಪರದೆಯ ಮೇಲೆ ಸಣ್ಣಗೆ ಓದಲು ಮಾಡಿದ ಅಕ್ಷರ ಅದು. ರಸ್ತೆಯ ಆಚೆಯಿಂದ ಸೊರಗಿದಂತೆ ಕಾಣುತ್ತದೆ.

ಆದರೆ ಕಾಲ ಮುಂದೆ ಹೋಗಿದೆ. ಏಕ್ ಟೈಪ್ ಎಂಬ ಫಾಂಟು ತಯಾರಕರ ಬಲೂ ತಮ್ಮ, ಅನೇಕ್ ಕನ್ನಡ, ಗೂಗಲ್ಲಿನ ನೋಟೋ ಇವೆಲ್ಲ ಪುಕ್ಕಟೆ ಸಿಗುತ್ತವೆ, ವ್ಯಾಪಾರಕ್ಕೆ ಬಳಸಲು ಪರವಾನಗಿಯೂ ಇದೆ. ಬಲೂ, ಅನೇಕ್ ಎರಡರಲ್ಲೂ ದೇವನಾಗರಿಯ ಜೋಡಿ ಇದೆ. ಮರಾಠಿ ಸಾಲೂ ಕನ್ನಡ ಸಾಲೂ ಒಂದೇ ಮೈಕಟ್ಟಿನಲ್ಲಿ ಬರುತ್ತವೆ. ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಹೆಸರನ್ನು ನಕಲು ಮಾಡಿ ಅಂಟಿಸಿದರೆ ಮುಗಿಯಿತು, ಮತ್ತೆ ಟೈಪ್ ಮಾಡುವಾಗ ಆಗುವ ತಪ್ಪು ಇಲ್ಲ. ಹಳೆಯ ಫಾಂಟಿನ ಫೈಲನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಚಿಹ್ನೆಗಳ ಕಸ ಕಾಣುತ್ತದೆ. ಯೂನಿಕೋಡಿನಲ್ಲಿ ಫಾಂಟು ಬದಲಾದರೂ ಹೆಸರು ಹೆಸರಾಗಿಯೇ ಉಳಿಯುತ್ತದೆ.

ಇದಕ್ಕೆ ಅವರ ಮರುಪ್ರಶ್ನೆ: "ಹಾಗಾದರೆ ಯೂನಿಕೋಡಿನಲ್ಲಿ ಮಾಡಿದ ಬ್ಯಾನರುಗಳಲ್ಲಿ ‘ಹಬ್ಬ’ ಎಂಬುದು ‘ಹಬ್‌ಬ’ ಎಂದು ಬರುವುದೇಕೆ?" ಇಲಸ್ಟ್ರೇಟರಿನಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನು ಒಮ್ಮೆ ಹೋಗಿ ಆನ್ ಮಾಡಿ, ದಕ್ಷಿಣ ಏಷ್ಯಾದ ಕಂಪೋಸರ್ ಆರಿಸಬೇಕು. ಮಾಡದಿದ್ದರೆ ಒತ್ತಕ್ಷರ ಒಡೆಯುತ್ತದೆ. ಅಂದರೆ ಅದು ಯೂನಿಕೋಡಿನ ದೋಷವಲ್ಲ, ಸೆಟಿಂಗ್ ಮಾಡದ್ದರ ದೋಷ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕೋರೆಲ್ಲಿನಲ್ಲಿ ಒತ್ತಕ್ಷರ ಕೂಡಿಸುವ ಓಪನ್‌ಟೈಪ್ ಸರಿಯಾಗಿ ಬಂದದ್ದು 2012ರ ಎಕ್ಸ್6ರಿಂದ. ಅದಕ್ಕಿಂತ ಹಳೆಯದನ್ನು ಇಟ್ಟುಕೊಂಡವರಿಗೆ ಶ್ರೀಲಿಪಿಯೇ ಗತಿ, ಅವರ ಜೊತೆ ನನಗೆ ತಕರಾರಿಲ್ಲ.

ಯಾವ ಫಾಂಟಾದರೂ ಕತ್ತರಿಸುವಾಗ ಬರುವ ತೊಂದರೆ ಒಂದೇ. ಪುಣೆಯ ಚಹಾದ ಅಂಗಡಿಗಳ ಮೇಲೆ ಸಾಲುಸಾಲಾಗಿ ಕಾಣುವ ‘ಅಮೃತತುಲ್ಯ’ ಎಂಬ ಹೆಸರನ್ನೇ ತಗೊಳ್ಳಿ. ದೇವನಾಗರಿಯಲ್ಲಿ ಅದು ಐದು ಅಕ್ಷರ, ಮೇಲೆ ಒಂದೇ ಶಿರೋರೇಖೆ. ನೋಡಲು ಒಂದೇ, ಫಾಂಟಿನೊಳಗೆ ಹಾಗಿಲ್ಲ. ಪ್ರತಿ ಅಕ್ಷರವೂ ತನ್ನ ತುಂಡು ರೇಖೆಯನ್ನು ಹೊತ್ತು ಬಂದು, ಪಕ್ಕದ ಅಕ್ಷರದ ರೇಖೆಯ ಮೇಲೆ ಕೂದಲೆಳೆಯಷ್ಟು ಹತ್ತಿ ಕೂರುತ್ತದೆ. ಮುದ್ರಣದಲ್ಲಿ ಇದು ಗೊತ್ತಾಗದು. ವಿನೈಲು ಕತ್ತರಿಸುವ ಪ್ಲಾಟರಿನ ಬ್ಲೇಡಿಗೆ ಮಾತ್ರ ಎರಡೂ ಬೇರೆಬೇರೆ ಆಕಾರ, ಹಾಗಾಗಿ ಸೇರುವ ನಾಲ್ಕೂ ಕಡೆ ಶಿರೋರೇಖೆಯನ್ನು ಅಡ್ಡಕ್ಕೆ ಕೊಯ್ಯುತ್ತದೆ. ಬೇಡದ ವಿನೈಲನ್ನು ಕಿತ್ತು ತೆಗೆಯುವಾಗ ಆ ಕೊಯ್ದ ಚೂರುಗಳೂ ಜೊತೆಗೇ ಎದ್ದುಬರುತ್ತವೆ. ಅಂಟಿಸಿದ ಕೆಲವು ತಿಂಗಳಿಗೆ ಬಿಸಿಲು ತಾಗಿ ಸಂದು ಬಾಯಿ ಬಿಡುತ್ತದೆ. ಅಕ್ರಿಲಿಕ್ಕಿನಲ್ಲಿ ಆದರೆ ಅಕ್ಷರವೇ ತುಂಡು.

ಇದಕ್ಕೆ ಮದ್ದು, ಆಕಾರಗಳನ್ನು ಬೆಸೆಯುವ ವೆಲ್ಡ್ ಎಂಬ ಒಂದೇ ಆಜ್ಞೆ. ಕೋರೆಲ್ಲಿನಲ್ಲಿ ಅದು ಮೆನುವಿನೊಳಗಿನ ಮೆನುವಿನಲ್ಲಿದೆ, ಕಂಪನಿ ಅದಕ್ಕೆ ಶಾರ್ಟ್‌ಕಟ್ ಕೊಟ್ಟಿಲ್ಲ. ನಾವೇ ಕೊಟ್ಟುಕೊಳ್ಳಬೇಕು. ಕೆಲವರು ಅದರ ಬದಲು ಕಂಟ್ರೋಲ್ ಕೆ ಒತ್ತಿ ಅಕ್ಷರ ಒಡೆದು ಕೈಯಲ್ಲೇ ತಿದ್ದುತ್ತಾರೆ. ಹಾಗೆ ಒಡೆದೊಡನೆ ಅಕ್ಷರದ ಹೊಟ್ಟೆಯೊಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ, ಮತ್ತೆ ಕಂಟ್ರೋಲ್ ಎಲ್ ಒತ್ತಿ ಒಂದೊಂದನ್ನೇ ಕೂಡಿಸಬೇಕು. ಮೆನು ಹುಡುಕುವ ಬೇಸರಕ್ಕೆ ಹುಡುಗರು ಈ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಕೀ ಇದ್ದರೆ ಬಿಡುವುದಿಲ್ಲ.

ಕನ್ನಡಕ್ಕೆ ಶಿರೋರೇಖೆಯ ಕಾಟವಿಲ್ಲ, ಒತ್ತಿನ ಕಾಟವಿದೆ. ‘ಅನ್ನಪೂರ್ಣ’ ಎಂದು ಎಲ್‌ಇಡಿ ಅಕ್ಷರ ಮಾಡಿ ನೋಡಿ. ನ ಒತ್ತು ಒಂದು ದ್ವೀಪ, ಅರ್ಕಾವತ್ತು ಇನ್ನೊಂದು. ಎರಡಕ್ಕೂ ಬೇರೆ ಡಬ್ಬಿ, ಬೇರೆ ವಯರು, ಗೋಡೆಯಲ್ಲಿ ಬೇರೆ ತೂತು. ಮುಖ್ಯ ಅಕ್ಷರ ಒಂದಡಿ ಇದ್ದರೂ ಒತ್ತಿನ ಮೈ ಎಷ್ಟೋ ಸಲ ಒಂದು ಎಲ್‌ಇಡಿ ಮಾಡ್ಯೂಲು ಕೂರುವಷ್ಟೂ ಅಗಲ ಇರುವುದಿಲ್ಲ. ತಾಪ್ಕೀರ್ ಗಲ್ಲಿಯಿಂದ ಮಾಡ್ಯೂಲು ತಂದಾದ ಮೇಲೆ ಇದು ತಿಳಿದರೆ ಏನು ಪ್ರಯೋಜನ? ನಾವು ಬಳಸುವ ಮಾಡ್ಯೂಲಿನ ನಿಜ ಅಳತೆಯ ಒಂದು ಚೌಕ ಗೈಡ್ ಲೇಯರಿನಲ್ಲಿ ಸದಾ ಇರಲಿ. ಅದನ್ನು ಎಳೆದು ಒತ್ತಿನ ಮೇಲೆ ಇಟ್ಟರೆ ಹಿಡಿಸುತ್ತದೋ ಇಲ್ಲವೋ ಆಗಲೇ ಕಣ್ಣಿಗೆ ಕಾಣುತ್ತದೆ.

ಇನ್ನು ಕೆಲವರು ಕಾನೂನು ಹಿಡಿದು ಬಂದರು. "ಮಹಾರಾಷ್ಟ್ರದಲ್ಲಿ ಮರಾಠಿ ಕಡ್ಡಾಯ, ಸೈಜು ಸಮ ಇಟ್ಟರೆ ಆಯಿತು. ಇದಕ್ಕೆ ಟೆಂಪ್ಲೇಟು ಬೇಕೇ?" ಸೈಜು ಎಂದರೆ ಏನು ಎಂಬುದೇ ಇಲ್ಲಿನ ಗಂಟು. 2022ರ ತಿದ್ದುಪಡಿಯಿಂದ ಹತ್ತಕ್ಕಿಂತ ಕಡಿಮೆ ಜನ ಇರುವ ಅಂಗಡಿಗಳೂ ಈ ನಿಯಮದ ಒಳಗೆ ಬಂದವು. ದೇವನಾಗರಿಯ ಮರಾಠಿ ಮೊದಲು ಬರಬೇಕು, ಅದರ ಅಕ್ಷರ ಬೇರೆ ಯಾವ ಭಾಷೆಯ ಅಕ್ಷರಕ್ಕಿಂತಲೂ ಚಿಕ್ಕದಾಗಿರಬಾರದು. 2023ರ ಸೆಪ್ಟೆಂಬರ್ 25ರಂದು ಸುಪ್ರೀಂ ಕೋರ್ಟು ವ್ಯಾಪಾರಿಗಳಿಗೆ ಎರಡು ತಿಂಗಳ ಗಡುವು ಕೊಟ್ಟ ಮೇಲೆ ನಮ್ಮ ಕಸುಬಿಗೆ ದೀಪಾವಳಿ ಎರಡು ಸಲ ಬಂದಂತಾಯಿತು. (ಮದ್ಯದಂಗಡಿಗೆ ಮಹಾಪುರುಷರ, ಕೋಟೆಗಳ ಹೆಸರಿಡಬಾರದೆಂಬುದೂ ಅದೇ ತಿದ್ದುಪಡಿಯಲ್ಲಿದೆ. ಕೋಟೆಯ ಹೆಸರಿನ ಬಾರುಗಳು ಹೆಸರು ಬದಲಿಸಿದಾಗ ಬೋರ್ಡೂ ನಾವೇ ಮಾಡಬೇಕಲ್ಲ.)

ಕೋರೆಲ್ಲಿನಲ್ಲಿ ಮರಾಠಿ, ಇಂಗ್ಲಿಷ್ ಎರಡೂ ಸಾಲಿಗೆ 300 ಪಾಯಿಂಟು ಎಂದು ಕೊಟ್ಟರೆ ಎರಡೂ ಸಮ ಆಗುವುದಿಲ್ಲ. ಪಾಯಿಂಟು ಅಳೆಯುವುದು ಫಾಂಟಿನ ಪೆಟ್ಟಿಗೆಯನ್ನು, ಅಕ್ಷರವನ್ನಲ್ಲ. ಇಂಗ್ಲಿಷಿನ ದೊಡ್ಡಕ್ಷರ ಆ ಪೆಟ್ಟಿಗೆಯಲ್ಲಿ ಎದ್ದು ನಿಲ್ಲುತ್ತದೆ. ಅದೇ ಪಾಯಿಂಟಿನ ದೇವನಾಗರಿ ಮೇಲೆ ಕೆಳಗೆ ಮಾತ್ರೆಗಳಿಗೆ ಜಾಗ ಬಿಟ್ಟು ನಡುವೆ ಗಿಡ್ಡಗೆ ಕೂರುವುದೇ ಹೆಚ್ಚು. ಉಡುಪಿ ಕಡೆಯ ಹೋಟೆಲಿನವರು ಮರಾಠಿ, ಇಂಗ್ಲಿಷಿನ ಜೊತೆ ಒಂದು ಸಾಲು ಕನ್ನಡವೂ ಇರಲಿ ಎಂದು ಆಸೆಪಟ್ಟರೆ ಅಲ್ಲಿಗೆ ಮೂರು ಎತ್ತರ. ಅಳತೆ ಪಟ್ಟಿ ಹಿಡಿದು ಬಂದ ಅಧಿಕಾರಿ ಪಾಯಿಂಟು ಕೇಳುವುದಿಲ್ಲ, ಇಂಚು ನೋಡುತ್ತಾನೆ. ಆದ್ದರಿಂದ ಟೆಂಪ್ಲೇಟಿನಲ್ಲಿ ಎರಡು ಗೆರೆ ಇರಬೇಕು: ಶಿರೋರೇಖೆಯ ಮೇಲಂಚು ಒಂದು, ಅಕ್ಷರದ ಬುಡ ಇನ್ನೊಂದು. ಅಕ್ಷರವನ್ನು ಕರ್ವ್ (ಬರಿಯ ಆಕಾರ) ಮಾಡಿದ ಮೇಲೆ ಆ ಎರಡು ಗೆರೆಗೆ ತಾಳೆ ಹಾಕಿ ಎತ್ತರ ಅಳೆಯಬೇಕು. ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಶಾಖೆ ಇರುವ ಗಿರಾಕಿಗೆ ಲೆಕ್ಕವೇ ಬೇರೆ. 2024ರ ತಿದ್ದುಪಡಿಯಂತೆ ಅಲ್ಲಿ ಬೋರ್ಡಿನ ಶೇಕಡಾ 60 ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿ ಬರಬೇಕು. ಅದಕ್ಕೆ ಎರಡನೆಯ ಟೆಂಪ್ಲೇಟು.

ಕಳ್ಳ ಕಾಪಿಯ ಮಾತನ್ನು ಬೇಗ ಮುಗಿಸುತ್ತೇನೆ. "ಕ್ರ್ಯಾಕ್ ಹಾಕಿದ ಕೋರೆಲ್ ಇದೆ, ನಾಳೆ ತೆಗೆದು ಬೇರೆ ಹಾಕುತ್ತೇವೆ, ಅದಕ್ಕೆ ಸೆಟಿಂಗ್ ಮಾಡಿ ಏನು ಲಾಭ?" ಎಂದವರು ತಮ್ಮ ವಾದಕ್ಕೆ ತಾವೇ ಉತ್ತರ ಹೇಳಿಕೊಂಡಿದ್ದಾರೆ. ಗೊತ್ತಿದ್ದೂ ಅಂಥದ್ದನ್ನು ಬಳಸಿದರೆ 1957ರ ಕಾಪಿರೈಟ್ ಕಾಯ್ದೆಯ 63ಬಿ ಕಲಂ ಪ್ರಕಾರ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ದುಡ್ಡಿಲ್ಲದಿದ್ದರೆ ಇಂಕ್‌ಸ್ಕೇಪ್ ಇದೆ, 2003ರಿಂದ ಪುಕ್ಕಟೆ. ಅದು ಕೆಲಸಕ್ಕೆ ಬಾರದು ಎನ್ನುವವರು ತೆರೆದೂ ನೋಡಿಲ್ಲ. ಕನ್ನಡದ ಒತ್ತು ಅದರಲ್ಲಿ ಸರಿಯಾಗಿ ಕೂರುತ್ತದೆ, ವೆಲ್ಡಿಗೆ ಅಲ್ಲಿ ಯೂನಿಯನ್ ಎನ್ನುತ್ತಾರೆ, ಅದಕ್ಕೆ ಕಂಟ್ರೋಲ್ ಪ್ಲಸ್ ಎಂಬ ಕೀ ಮೊದಲೇ ಇದೆ. ವಿನೈಲು, ಲೇಸರು ಮಾತ್ರ ಮಾಡುವ ಸಣ್ಣ ಅಂಗಡಿಗೆ ಧಾರಾಳ ಸಾಕು. ನಾಲ್ಕು ಬಣ್ಣದ ಮುದ್ರಣಕ್ಕೆ ಕಳಿಸುವಲ್ಲಿ ಅದು ಕುಂಟುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಕೈಬರಹದ ಹಿರಿಯ ಪೇಂಟರೊಬ್ಬರು ಹೇಳಿದ್ದು ಎಲ್ಲಕ್ಕಿಂತ ಆಳವಾಗಿ ನಾಟಿತು. "ನಿಮ್ಮ ಟೆಂಪ್ಲೇಟಿನಿಂದಲೇ ಊರಿನ ಬೋರ್ಡೆಲ್ಲ ಒಂದೇ ಮುಖ ಆಗ್ಯಾವು. ನಮ್ಮ ಕಾಲದಾಗ ಬೋರ್ಡು ನೋಡಿ ಬರೆದವ ಯಾರು ಅಂತ ಹೇಳ್ತಿದ್ವಿ." ಬೋರ್ಡುಗಳು ಒಂದೇ ಮುಖ ಆಗಿವೆ ಎಂಬುದು ಖರೆ. ಆದರೆ ಅದಕ್ಕೆ ಟೆಂಪ್ಲೇಟು ಕಾರಣವಲ್ಲ. ಪಟ್ಟಿಯಲ್ಲಿ ಮೊದಲು ಕಂಡ ಫಾಂಟು, ಅಂತರ್ಜಾಲದಿಂದ ಎತ್ತಿದ ಹಿನ್ನೆಲೆ, ಕೆಂಪಿಗೆ ಹಳದಿ ಬಾರ್ಡರು, ಇವೆಲ್ಲ ಅವಸರದ ಫಲ. ಆ ಹಿರಿಯರೇ ಕುಂಚ ಎತ್ತುವ ಮೊದಲು ತಗಡು ತಿಕ್ಕಿ ಪ್ರೈಮರು ಕೊಡುತ್ತಿದ್ದರು, ಸೀಮೆಸುಣ್ಣ ಬಳಿದ ದಾರವನ್ನು ಎರಡು ಕಡೆ ಬಿಗಿದು ಮೀಟಿ ಗೆರೆ ಹೊಡೆಯುತ್ತಿದ್ದರು, ಅಗಲ ಕುಂಚ, ಸಣ್ಣ ಕುಂಚ, ಅಂಚಿನ ಕುಂಚ ಎಂದು ಸಾಲಾಗಿ ಇಟ್ಟುಕೊಳ್ಳುತ್ತಿದ್ದರು. ಅದು ಸೆಟಿಂಗ್ ಅಲ್ಲದೆ ಮತ್ತೇನು, ಕಾಕಾ? ಅಕ್ಷರದ ಚೆಂದ ನಿಮ್ಮ ಕೈಯಿಂದ ಬಂತು, ಕೈಗೆ ಪುರುಸೊತ್ತು ಕೊಟ್ಟದ್ದು ಆ ದಾರ. ನಿಮ್ಮ ಅಕ್ಷರವನ್ನು ಕಾಗದದ ಮೇಲೆ ಬರೆಸಿ, ಸ್ಕ್ಯಾನ್ ಮಾಡಿ, ಗೆರೆಯನ್ನು ಕೈಯಲ್ಲೇ ಎಳೆದು ಕರ್ವ್ ಮಾಡಿ ಬೋರ್ಡಿಗೆ ತರಬಹುದು. ತಾನೇ ಗೆರೆ ಎಳೆಯುವ ಪವರ್‌ಟ್ರೇಸಿಗೆ ಬಿಟ್ಟರೆ ಸಾವಿರ ನೋಡ್ ಬಿಂದುಗಳು ಬಿದ್ದು ಬ್ಲೇಡು ತೊದಲುತ್ತದೆ. ಕೈಯಲ್ಲಿ ಎಳೆಯಲು ಹೊತ್ತು ಬೇಕು, ಆ ಹೊತ್ತು ಎಲ್ಲಿಂದ ತರುವುದು ಎಂಬುದೇ ನನ್ನ ಈ ಇಡೀ ಜಗಳ.

ಕೊನೆಗೆ ಮಾಲೀಕರ ಭಯ: "ಹುಡುಗರಿಗೆ ಇದೆಲ್ಲ ಕಲಿಸಿದರೆ ಎರಡು ಸಾವಿರ ಹೆಚ್ಚು ಕೊಟ್ಟ ಎದುರು ಅಂಗಡಿಗೆ ಹೋಗುತ್ತಾರೆ, ಟೆಂಪ್ಲೇಟನ್ನೂ ಪೆನ್‌ಡ್ರೈವಿನಲ್ಲಿ ಒಯ್ಯುತ್ತಾರೆ." ಕಲಿಸದಿದ್ದರೂ ಹೋಗುತ್ತಾರೆ. ಹೋಗುವ ಮೊದಲು ಟೂಲ್‌ಬಾರುಗಳನ್ನೆಲ್ಲ ಎಳೆದಾಡಿ ಕೆಡಿಸಿಟ್ಟರೆ ಹೊಸಬ ಬಂದು ಎಫ್8 ಹಿಡಿದು ಕೋರೆಲ್ ತೆರೆಯುತ್ತಾನೆ. ಆಗ ಎಲ್ಲವೂ ಕಂಪನಿಯಿಂದ ಬಂದ ಸ್ಥಿತಿಗೆ ಹೋಗುತ್ತದೆ, ನಿಮ್ಮ ಶಾರ್ಟ್‌ಕಟ್ಟುಗಳೂ ಅದರೊಂದಿಗೆ ಹೋಗುತ್ತವೆ. ಅದಕ್ಕೆ ವರ್ಕ್‌ಸ್ಪೇಸನ್ನು ಎಕ್ಸ್‌ಪೋರ್ಟ್ ಮಾಡಿ ಟೆಂಪ್ಲೇಟುಗಳ ಜೊತೆ ಬೇರೆ ಡಿಸ್ಕಿನಲ್ಲಿ ಇಡಿ, ಹೊಸಬನ ಮೊದಲ ದಿನವೇ ಅದನ್ನು ಅವನ ಕಂಪ್ಯೂಟರಿಗೆ ಹಾಕಿ. ಗಿರಾಕಿಗಳ ಫೈಲಿಗೆ ಬೀಗ ಹಾಕಿ, ಅದು ನಿಮ್ಮ ಆಸ್ತಿ. ಎಂಟು ನಾಲ್ಕರ ಹಾಳೆ, ನಾಲ್ಕು ಲೇಯರು, ವೆಲ್ಡಿನ ಕೀ ಇವುಗಳಲ್ಲಿ ಬಚ್ಚಿಡುವಂಥದ್ದೇನಿದೆ? ಎದುರು ಅಂಗಡಿಯವನೂ ಅದನ್ನೇ ಬಳಸಲಿ. ನಮ್ಮ ರೌಟರು ಕೆಟ್ಟು ಕೂತ ದಿನ, ದಸರೆಯ ಹಿಂದಿನ ರಾತ್ರಿ, ನಮ್ಮ ಫೈಲು ಅವನ ಮೆಷಿನ್ನಿನ ಮೇಲೆ ಒಂದು ಗೆರೆಯನ್ನೂ ಮುಟ್ಟದೆ ಓಡುತ್ತದೆ, ಅವನದು ಕೆಟ್ಟರೆ ನಮ್ಮದರ ಮೇಲೆ.